ಚೀಟಿಯಲ್ಲಿ ಇರದ ಹೆಸರು

(ಸಿನಿಮಾ ಹಾಡಿನಲ್ಲಿ ದೊಡ್ಡ ಕಂಠ ಯಾವುದು ಎಂಬ ಬಗ್ಗೆ ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು. ನಡುನಡುವೆ ನುಡಿಸಿ ತೋರಿಸಿದ್ದನ್ನು ಬರೆಯಲು ಬರುವುದಿಲ್ಲ, ಅದನ್ನು ಬಿಟ್ಟಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ನನ್ನನ್ನು ಈಗಷ್ಟೇ ಸಂಗೀತ ವಿಮರ್ಶಕ ಅಂತ ಪರಿಚಯ ಮಾಡಿಕೊಟ್ಟರು. ಅದು ಸುಳ್ಳು. ನಾನು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವನು. ಗಣೇಶನ ಹಬ್ಬಕ್ಕೆ ಶುರುವಾದರೆ ನವೆಂಬರ್ ತಿಂಗಳ ರಾಜ್ಯೋತ್ಸವಗಳು ಮುಗಿಯುವವರೆಗೆ ನಮಗೆ ಸುಗ್ಗಿ. ಒಂದೊಂದು ರಾತ್ರಿ ಒಂದೊಂದು ಊರು, ಒಂದೊಂದು ಪೆಂಡಾಲು. ಹಾಡುವವರು ಮುಂದೆ, ನಾನು ಹಿಂದೆ. ಹಾಗಾಗಿ ಇವತ್ತು ನಾನು ಹೇಳುವುದೆಲ್ಲ ಹಿಂದಿನಿಂದ ಕೇಳಿಸಿಕೊಂಡವನ ಮಾತು.

ಕಾರ್ಯಕ್ರಮದ ನಡುವೆ ಜನರಿಂದ ಚೀಟಿ ಬರುತ್ತಿತ್ತು. ಸಿಗರೇಟು ಪ್ಯಾಕಿನ ಒಳಗಿನ ಕಾಗದ, ಬಸ್ ಟಿಕೆಟ್ಟಿನ ಹಿಂಬದಿ, ಒಮ್ಮೆ ಮದುವೆ ಕರೆಯೋಲೆಯ ಮೂಲೆ. ಅದರಲ್ಲಿ ಬೇಕಾದ ಹಾಡು ಬರೆದಿರುತ್ತಿತ್ತು. ಚೀಟಿಗಳನ್ನು ವಿಂಗಡಿಸುವ ಕೆಲಸ ನನ್ನದು. ಅಲ್ಲೇ ನನಗೆ ಒಂದು ವಿಷಯ ಕಣ್ಣಿಗೆ ಬಿತ್ತು. 'ಅಣ್ಣಾವ್ರ ಎಂದೆಂದೂ ನಿನ್ನನು ಮರೆತು' ಅಂತ ಚೀಟಿ ಬರುತ್ತಿತ್ತು. 1974ರ 'ಎರಡು ಕನಸು' ಚಿತ್ರದ ಆ ಹಾಡನ್ನು ಹಾಡಿದ್ದು ಪಿ.ಬಿ. ಶ್ರೀನಿವಾಸ್ ಮತ್ತು ವಾಣಿ ಜಯರಾಂ. ಚೀಟಿಯಲ್ಲಿ ಅವರಿಬ್ಬರ ಹೆಸರೂ ಇರುತ್ತಿರಲಿಲ್ಲ. 'ವಿಷ್ಣು ಹಾಡು', 'ಅಂಬರೀಶ್ ಹಾಡು', 'ಶಂಕರ್‌ನಾಗ್ ಹಾಡು' ಅಂತ ಬರೆದು ಕಳಿಸುತ್ತಿದ್ದರು. ಹಾಡಿದ್ದು ಹೆಚ್ಚಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಒಬ್ಬರೇ.

ಈ ಚೀಟಿಯನ್ನು ನೆನಪಿನಲ್ಲಿಟ್ಟುಕೊಳ್ಳಿ. ಕೊನೆಯವರೆಗೂ ಬೇಕಾಗುತ್ತದೆ.

ಇವತ್ತಿನ ವಿಷಯ ದೊಡ್ಡ ಕಂಠ ಯಾವುದು ಅಂತ. ಈ ಜಗಳ ನಮ್ಮಲ್ಲಿ ಮಾತ್ರ ಇಲ್ಲ. 2023ರ ಹೊಸ ವರ್ಷದ ದಿನ ಅಮೆರಿಕದ 'ರೋಲಿಂಗ್ ಸ್ಟೋನ್' ಪತ್ರಿಕೆ ಸಾರ್ವಕಾಲಿಕ 200 ಗಾಯಕರ ಪಟ್ಟಿ ಹಾಕಿತು. ಮೊದಲ ಸ್ಥಾನ ಅರೀತಾ ಫ್ರಾಂಕ್ಲಿನ್‌ಗೆ. 2008ರಲ್ಲಿ ನೂರು ಜನರ ಪಟ್ಟಿ ಮಾಡಿದಾಗಲೂ ಆಕೆಯೇ ಮೊದಲು. ನಮ್ಮ ಲತಾ ಮಂಗೇಶ್ಕರ್ 84ನೆಯವರು. ಸೆಲೀನ್ ಡಿಯಾನ್ ಹೆಸರೇ ಇರಲಿಲ್ಲ. ಆಕೆಯ ಅಭಿಮಾನಿಗಳು ನ್ಯೂಯಾರ್ಕಿನ ಪತ್ರಿಕೆಯ ಕಚೇರಿ ಮುಂದೆ ಹೋಗಿ ಪ್ರತಿಭಟನೆ ಮಾಡಿದರು. ನನಗೆ ಅದನ್ನು ಓದಿ ಖುಷಿಯಾಯಿತು. ನಮ್ಮವರು ಮಾತ್ರ ಹೀಗೆ ಅಂದುಕೊಂಡಿದ್ದೆ ನೋಡಿ.

ಆ ಪಟ್ಟಿ ಮಾಡಿದವರು ಒಂದು ಜಾಣತನ ತೋರಿಸಿದ್ದರು. ಇದು ದೊಡ್ಡ ಗಾಯಕರ ಪಟ್ಟಿ, ದೊಡ್ಡ ಕಂಠಗಳ ಪಟ್ಟಿಯಲ್ಲ ಅಂತ ಮೊದಲೇ ಹೇಳಿಬಿಟ್ಟಿದ್ದರು. ಒಳ್ಳೆ ಕಂಠ ಇದ್ದವರೆಲ್ಲ ಒಳ್ಳೆ ಹಾಡುಗಾರರಲ್ಲ. ಇದು ನಮ್ಮ ಹಳಬರಿಗೂ ಗೊತ್ತಿತ್ತು. ಸಂಗೀತದವರು ಕಂಠಕ್ಕೆ 'ಶಾರೀರ' ಅನ್ನುತ್ತಾರೆ. 'ಶಾರೀರ ಏನೋ ಚೆನ್ನಾಗಿದೆ' ಅಂತ ಯಾರಾದರೂ ಎಳೆದು ಹೇಳಿದರೆ, ಉಳಿದದ್ದು ಚೆನ್ನಾಗಿಲ್ಲ ಅಂತಲೇ ಅರ್ಥ.

ಸರಿ, ನಮ್ಮ ಜಗಳಕ್ಕೆ ಬರೋಣ. ಕನ್ನಡದಲ್ಲಿ ಇದು ಮೂವರ ಜಗಳ. ಪಿಬಿಎಸ್, ರಾಜ್‌ಕುಮಾರ್, ಎಸ್‌ಪಿಬಿ. ಟೀ ಅಂಗಡಿಯಲ್ಲಿ ಕೂತರೆ ಅರ್ಧ ಗಂಟೆಯೊಳಗೆ ಈ ಮೂರು ಹೆಸರು ಬಂದೇ ಬರುತ್ತವೆ. ಆಮೇಲೆ ಒಬ್ಬರು 'ಆ ಹೈ ಪಿಚ್‌ನಲ್ಲಿ ಹಾಡಲಿ ನೋಡೋಣ' ಅನ್ನುತ್ತಾರೆ. ಅಲ್ಲಿಗೆ ಮಾತು ಕೆಡುತ್ತದೆ.

ಮೇಲಿನ ಸ್ವರ ಮುಟ್ಟುವುದೇ ದೊಡ್ಡಸ್ತಿಕೆ ಅಂತ ನಾವೆಲ್ಲ ನಂಬಿದ್ದೇವೆ. ಪೆಂಡಾಲಿನಲ್ಲಿ ಶಿಳ್ಳೆ ಬೀಳುವುದೂ ಅಲ್ಲೇ. ಆದರೆ ಕೀಬೋರ್ಡಿನವನ ಅನುಭವ ಬೇರೆ. ಮೇಲಿನ ಸ್ವರ ಸಿಗದಿದ್ದರೆ ಗಾಯಕ ಮೊದಲೇ ಬಂದು, 'ಅಣ್ಣಾ, ಸ್ವಲ್ಪ ಶ್ರುತಿ ಇಳಿಸಿ' ಅನ್ನುತ್ತಾನೆ. ನಾನು ಒಂದು ಗುಂಡಿ ಒತ್ತುತ್ತೇನೆ, ಕೆಲಸ ಮುಗಿಯಿತು. ಮೆತ್ತಗೆ ಹಾಡಬೇಕಾದ ಕಡೆ ದನಿ ನಡುಗಿದರೆ ನನ್ನ ಹತ್ತಿರ ಅದಕ್ಕೆ ಯಾವ ಗುಂಡಿಯೂ ಇಲ್ಲ.

ನಮ್ಮ ತಂಡದಲ್ಲಿ ಇಬ್ಬರು ಗಂಡು ಗಾಯಕರಿದ್ದರು. ಒಬ್ಬ ರಾಜ್‌ಕುಮಾರ್ ಹಾಡಿಗೆ, ಇನ್ನೊಬ್ಬ ಎಸ್‌ಪಿಬಿ ಹಾಡಿಗೆ. ಪಿಬಿಎಸ್ ಹಾಡಿನ ಚೀಟಿ ಬಂದರೆ ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಿದ್ದರು. 'ನೀನು ಹಾಡು', 'ಇಲ್ಲ ನೀನೇ ಹಾಡು'. ಕೇಳುವವರಿಗೆ ಅದು ಸುಲಭದ ಹಾಡು. ಸ್ನಾನದ ಮನೆಯಲ್ಲಿ ಯಾರು ಬೇಕಾದರೂ ಹಾಡುತ್ತಾರೆ. ವೇದಿಕೆ ಮೇಲೆ ನಿಂತಾಗ ಗೊತ್ತಾಗುತ್ತದೆ. ಪಿಬಿಎಸ್ ಒಂದು ಸಾಲನ್ನು ಶುರು ಮಾಡುವುದಕ್ಕಿಂತ ಮುಗಿಸುವುದು ಕಷ್ಟ. ಸಾಲಿನ ಕೊನೆಗೆ ಅವರು ದನಿಯನ್ನು ಬೀಳಿಸುವುದಿಲ್ಲ, ಇಳಿಸುತ್ತಾರೆ. ಮಲಗಿದ ಮಗುವನ್ನು ತೊಡೆಯಿಂದ ಹಾಸಿಗೆಗೆ ಇಳಿಸುತ್ತೇವಲ್ಲ, ಹಾಗೆ. ಉಸಿರು ಇನ್ನೂ ಉಳಿದಿರಬೇಕು, ಆದರೆ ಅದು ಕೇಳಿಸಬಾರದು.

ಇದು ಹೇಗೆ ಬಂತು? ನನ್ನ ಮಟ್ಟಿಗೆ ಉತ್ತರ ಮೈಕು. ಮೈಕು ಬರುವ ಮೊದಲು ಮೆತ್ತಗೆ ಹಾಡುವವನಿಗೆ ಹೊಟ್ಟೆಪಾಡು ಇರಲಿಲ್ಲ. ಅಮೆರಿಕದಲ್ಲಿ 1920, 30ರ ದಶಕದಲ್ಲಿ ಬಿಂಗ್ ಕ್ರಾಸ್ಬಿಯಂಥವರು ಮೈಕಿನ ಹತ್ತಿರ ನಿಂತು ಕಿವಿಯಲ್ಲಿ ಹೇಳಿದ ಹಾಗೆ ಹಾಡಿದರು. ಜನ ಮರುಳಾದರು. ಪಿಬಿಎಸ್ ಆ ಜಾತಿಯ ಗಾಯಕ. ಕಾಕಿನಾಡದಲ್ಲಿ 1930ರಲ್ಲಿ ಹುಟ್ಟಿದವರು. ತಮಿಳಿನಲ್ಲಿ ಜೆಮಿನಿ ಗಣೇಶನ್ ಅವರಿಗೆ ದನಿಯಾದರು, ಕನ್ನಡದಲ್ಲಿ ರಾಜ್‌ಕುಮಾರ್ ಅವರಿಗೆ. ತಮಿಳರಿಗೆ ಆ ದನಿ ಕೇಳಿದರೆ ಜೆಮಿನಿ ಮುಖ ಕಾಣುತ್ತದೆ, ನಮಗೆ ಅಣ್ಣಾವ್ರ ಮುಖ. ಒಂದೇ ಗಂಟಲು! ಮದ್ರಾಸಿನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ, ಜೇಬಿನ ತುಂಬ ಬಣ್ಣಬಣ್ಣದ ಪೆನ್ನು ಸಿಕ್ಕಿಸಿಕೊಂಡು, ಹಲವು ಭಾಷೆಗಳಲ್ಲಿ ಪದ್ಯ ಬರೆಯುತ್ತ ಕೂರುತ್ತಿದ್ದರು. ಅವರ ದನಿಯಲ್ಲಿ ಇರುವ ಸಾವಧಾನವೂ ಅಂಥದ್ದೇ.

ರಾಜ್‌ಕುಮಾರ್ ಬೇರೆ ಕಾರ್ಖಾನೆಯ ಸರಕು. ಗುಬ್ಬಿ ವೀರಣ್ಣನವರ ಕಂಪನಿ. ಕಂಪನಿ ನಾಟಕದಲ್ಲಿ ಹಾಡು ಕೊನೆಯ ಸಾಲಿನ ನೆಲದ ಮೇಲೆ ಕೂತವನಿಗೂ ಮುಟ್ಟಬೇಕು. ಅಲ್ಲಿಂದಲೇ ನಮಗೆ 'ಕಂಚಿನ ಕಂಠ' ಎಂಬ ಮಾತು ಸಿಕ್ಕಿದ್ದು. ಗಮನಿಸಿ, ಪಿಬಿಎಸ್ ಅವರನ್ನು ಯಾರೂ ಕಂಚಿನ ಕಂಠ ಅನ್ನುವುದಿಲ್ಲ, ಮಧುರ ಕಂಠ ಅನ್ನುತ್ತಾರೆ. ಒಂದು ಹೊಗಳಿಕೆ ರಂಗದ್ದು, ಇನ್ನೊಂದು ಮೈಕಿನದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ನಾವು ಜಗಳ ಆಡುತ್ತೇವೆ.

ರಾಜ್‌ಕುಮಾರ್ 1956ರ 'ಓಹಿಲೇಶ್ವರ'ದಲ್ಲೇ ಹಾಡಿದ್ದರು. ಆದರೂ ಅವರಿಗೆ ಅವರೇ ಹಾಡುವುದು ರೂಢಿಯಾದದ್ದು 1974ರ 'ಸಂಪತ್ತಿಗೆ ಸವಾಲ್' ನಂತರ. ಆವತ್ತು ಪಿಬಿಎಸ್‌ಗೆ ನೆಗಡಿಯಾಗಿತ್ತು, ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ರಾಜ್‌ಕುಮಾರ್ ಅವರನ್ನೇ ಹಾಡಿಸಿದರು ಅಂತ ಕತೆ ಹೇಳುತ್ತಾರೆ. ಹಾಡು 'ಯಾರೇ ಕೂಗಾಡಲಿ'. ಎಮ್ಮೆ ಮೇಲೆ ಕೂತು ಹಾಡುವ ಹಾಡು. ಅದಕ್ಕೆ ಆ ದನಿಯೇ ಸರಿ. ಪಿಬಿಎಸ್ ಹಾಡಿದ್ದರೆ ಎಮ್ಮೆಗೂ ನಾಚಿಕೆ ಆಗುತ್ತಿತ್ತೇನೋ. ತಮಾಷೆ ಇರಲಿ. 'ಎರಡು ಕನಸು' ಬಂದದ್ದೂ ಅದೇ ವರ್ಷ. ಒಂದೇ ವರ್ಷದಲ್ಲಿ ಒಬ್ಬ ನಾಯಕನಿಗೆ ಎರಡು ದನಿ, ಜನ ಎರಡನ್ನೂ ಒಪ್ಪಿಕೊಂಡರು.

ಇದಕ್ಕಿಂತ ಮಜಾ 1977ರದ್ದು. 'ಬಭ್ರುವಾಹನ'. ಅರ್ಜುನನೂ ರಾಜ್‌ಕುಮಾರ್, ಬಭ್ರುವಾಹನನೂ ರಾಜ್‌ಕುಮಾರ್. ಅಪ್ಪ ಮಗ ಎದುರುಬದುರು ನಿಂತು ಒಬ್ಬರನ್ನೊಬ್ಬರು ಹಂಗಿಸುವ 'ಯಾರು ತಿಳಿಯರು ನಿನ್ನ ಭುಜಬಲದ ಪರಾಕ್ರಮ' ಹಾಡನ್ನು ಹಾಡಿದವರು ಪಿಬಿಎಸ್ ಮತ್ತು ರಾಜ್‌ಕುಮಾರ್. ಟಿ.ಜಿ. ಲಿಂಗಪ್ಪನವರ ಸಂಗೀತ. ಟೀ ಅಂಗಡಿಯ ಜಗಳವನ್ನೇ ತಂದು ತೆರೆಯ ಮೇಲೆ ಇಟ್ಟ ಹಾಗಿದೆ. ಮುಖ ಎರಡೂ ಕಡೆ ಒಂದೇ, ಹಾಗಾಗಿ ಮುಖಕ್ಕೆ ಓಟು ಹಾಕುವ ಹಾಗಿಲ್ಲ! ಕಿವಿಗೇ ಕೆಲಸ. ಮನೆಗೆ ಹೋಗಿ ಕಣ್ಣು ಮುಚ್ಚಿಕೊಂಡು ಕೇಳಿ. ಒಬ್ಬರು ಪದಕ್ಕೆ ಪೆಟ್ಟು ಕೊಡುತ್ತಾರೆ, ಇನ್ನೊಬ್ಬರು ಅದೇ ಪದಕ್ಕೆ ಗಾಂಭೀರ್ಯ ಕೊಡುತ್ತಾರೆ. ಯಾರು ಗೆದ್ದರು ಅಂತ ನಾನು ನಲವತ್ತು ವರ್ಷದಿಂದ ಕೇಳುತ್ತಿದ್ದೇನೆ, ಇನ್ನೂ ತೀರ್ಮಾನ ಆಗಿಲ್ಲ.

ರಾಜ್‌ಕುಮಾರ್ ಹಾಡುಗಾರಿಕೆಗೆ ರಾಷ್ಟ್ರಪ್ರಶಸ್ತಿ ಬಂದಿದ್ದು 'ಜೀವನ ಚೈತ್ರ'ದ 'ನಾದಮಯ'ಕ್ಕೆ, 1992ರಲ್ಲಿ. ಉಪೇಂದ್ರ ಕುಮಾರ್ ಸಂಗೀತ, ತೋಡಿ ರಾಗ. ಆಗ ಅವರ ವಯಸ್ಸು 63. ಗಂಟಲು ಸೋಲುವ ವಯಸ್ಸಿನಲ್ಲಿ ಇವರು ತೋಡಿ ಎತ್ತಿಕೊಂಡರು. ಕಂಪನಿ ನಾಟಕದ ಸಾಮು ಅದು.

ಇನ್ನು ಎಸ್‌ಪಿಬಿ. ಇಲ್ಲಿ ಒಂದು ಲೆಕ್ಕ ಹೇಳಿಬಿಡುತ್ತೇನೆ, ಯಾರಿಗೂ ಬೇಜಾರಾಗಬಾರದು. ಅವರು ನಲವತ್ತು ಸಾವಿರ ಹಾಡು ಹಾಡಿದ್ದಾರೆ ಅನ್ನುತ್ತಾರೆ. 1966ರಿಂದ 2020ರವರೆಗೆ 54 ವರ್ಷ, ಸುಮಾರು 19,700 ದಿನ. ಅಂದರೆ ದಿನಕ್ಕೆ ಎರಡು ಹಾಡು. ಒಂದು ಭಾನುವಾರವೂ ರಜೆ ಇಲ್ಲ, ಒಂದು ಜ್ವರವೂ ಇಲ್ಲ. ಇಷ್ಟು ಹಾಡಿದರು ಅಂತ ಎದೆ ತಟ್ಟಿಕೊಳ್ಳುವ ಮೊದಲು ಸ್ವಲ್ಪ ಗುಣಾಕಾರ ಮಾಡಬೇಕು. ಪಿ. ಸುಶೀಲಾ ಅವರ ಹಾಡುಗಳನ್ನು ಒಂದೊಂದಾಗಿ ಎಣಿಸಿ 2016ರಲ್ಲಿ ಗಿನ್ನೆಸ್‌ನವರು ಒಪ್ಪಿದ ಸಂಖ್ಯೆ 17,695. ಅದೂ ಆರು ಭಾಷೆಗಳಲ್ಲಿ. ಅದೇ ದಂಗುಬಡಿಸುವ ಸಂಖ್ಯೆ, ಅಲ್ವಾ?

ಎಸ್‌ಪಿಬಿ ಅವರ ದೊಡ್ಡತನ ಎಣಿಕೆಯಲ್ಲಿ ಇಲ್ಲ. ಅವರು ಗಂಟಲಿನಲ್ಲಿ ನಟನೆ ಮಾಡುತ್ತಿದ್ದರು. ವಿಷ್ಣುವರ್ಧನ್‌ಗೆ ಹಾಡುವಾಗ ಬೇರೆ, ಶ್ರೀನಾಥ್‌ಗೆ ಬೇರೆ, ಅಂಬರೀಶ್‌ಗೆ ಬೇರೆ. 1972ರ 'ನಾಗರಹಾವು' ನೋಡಿ. ವಿಷ್ಣುವರ್ಧನ್‌ಗೆ ಅದರಲ್ಲಿ 'ಬಾರೇ ಬಾರೇ' ಹಾಡಿದ್ದು ಪಿಬಿಎಸ್, 'ಹಾವಿನ ದ್ವೇಷ' ಹಾಡಿದ್ದು ಎಸ್‌ಪಿಬಿ. ಸಂಗೀತ ನಿರ್ದೇಶಕ ವಿಜಯಭಾಸ್ಕರ್ ಒಲವಿಗೆ ಒಂದು ದನಿ, ಸಿಟ್ಟಿಗೆ ಒಂದು ದನಿ ಅಂತ ಹಂಚಿಬಿಟ್ಟ ಹಾಗಿದೆ. ಆಮೇಲಿನ ವರ್ಷಗಳಲ್ಲಿ ಎಸ್‌ಪಿಬಿ ಎರಡನ್ನೂ ಒಬ್ಬರೇ ನಿಭಾಯಿಸಿದರು. 'ನೀನೇ ಸಾಕಿದಾ ಗಿಣಿ' ಕೇಳಿ. ಆ ಅಳು ಹಾಡಿನ ಶ್ರುತಿ ಬಿಟ್ಟು ಒಂದು ಕೂದಲೆಳೆ ಆಚೀಚೆ ಹೋಗುವುದಿಲ್ಲ. ಅಳುತ್ತ ಶ್ರುತಿಯಲ್ಲಿ ಇರುವುದು ಸುಮ್ನೆ ಅಲ್ಲ. ನಾವು ಯಾರಾದರೂ ಅತ್ತರೆ ಮಾತೇ ಹೊರಡುವುದಿಲ್ಲ.

ಶಾಸ್ತ್ರೀಯ ಸಂಗೀತವನ್ನು ಗುರುಮುಖೇನ ಕಲಿತವರಲ್ಲ ಅವರು. ಆದರೂ 'ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ' ಚಿತ್ರದಲ್ಲಿ, ಹಂಸಲೇಖ ಅವರ ಸಂಗೀತದಲ್ಲಿ, ಗದುಗಿನ ಗವಾಯಿಗಳ ಪಾತ್ರಕ್ಕೆ ಹಿಂದೂಸ್ತಾನಿ ಹಾಡಿ ರಾಷ್ಟ್ರಪ್ರಶಸ್ತಿ ತೆಗೆದುಕೊಂಡರು. ಅವರ ಆರು ರಾಷ್ಟ್ರಪ್ರಶಸ್ತಿಗಳಲ್ಲಿ ಕನ್ನಡದ್ದು ಅದೊಂದೇ. ಶಾಸ್ತ್ರೀಯ ಸಂಗೀತದ ನನ್ನ ಗೆಳೆಯರು ಈ ಹಾಡಿನ ವಿಷಯ ಬಂದರೆ ಮೂಗು ಮುರಿಯುತ್ತಾರೆ. ಮುರಿಯಲಿ. ಕಲಾವಿದರ ಪಾತ್ರ ಮಾಡುವ ನಟ ಆ ಕಲೆ ಕಲಿತಿರಲೇಬೇಕು ಅಂತ ಯಾರೂ ಕೇಳುವುದಿಲ್ಲ. ಗಂಟಲಿನಿಂದ ನಟಿಸುವವರನ್ನು ಮಾತ್ರ ಯಾಕೆ ಕೇಳಬೇಕು?

ಇಲ್ಲಿ ಸ್ವಲ್ಪ ಅಡ್ಡದಾರಿ. ಪಿಬಿಎಸ್ ಕಾಕಿನಾಡ, ಎಸ್‌ಪಿಬಿ ನೆಲ್ಲೂರು ಕಡೆ, ಸುಶೀಲಾ ವಿಜಯನಗರಂ, ಎಸ್. ಜಾನಕಿ ಗುಂಟೂರು ಜಿಲ್ಲೆ. ಕನ್ನಡದ ದೊಡ್ಡ ಕಂಠಗಳು ಯಾಕೆ ಎಲ್ಲ ತೆಲುಗಿನ ಮನೆಯವು ಅಂತ ಕೆಲವರು ಕೇಳುತ್ತಾರೆ. ಉತ್ತರ ಸರಳ. ನಮ್ಮ ಹಾಡುಗಳ ಧ್ವನಿಮುದ್ರಣ ಬಹುಕಾಲ ಮದ್ರಾಸಿನಲ್ಲೇ ಆಗುತ್ತಿತ್ತು. ಗಾಯಕರೂ ವಾದ್ಯದವರೂ ಒಟ್ಟಿಗೆ ನಿಂತು ಒಂದೇ ಸಲಕ್ಕೆ ಮುಗಿಸಬೇಕಿತ್ತು. ಒಬ್ಬ ಪಿಟೀಲಿನವನು ಎಡವಿದರೂ ಮತ್ತೆ ಮೊದಲಿನಿಂದ. ಬೆಳಿಗ್ಗೆ ಕಲಿತು ಮಧ್ಯಾಹ್ನ ಒಪ್ಪಿಸುವ ಗಂಟಲು ಅಲ್ಲಿ ಯಾರಿಗಿತ್ತೋ ಅವರಿಗೆ ಹಾಡು. ಇಲ್ಲಿನ ಕಂಠಗಳು ಇನ್ನೊಂದು ದಾರಿ ಹಿಡಿದವು. ಪಿ. ಕಾಳಿಂಗರಾವ್, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಕವಿತೆಗಳನ್ನು ಹಾಡಿದರು. ಶಿವಮೊಗ್ಗ ಸುಬ್ಬಣ್ಣ 'ಕಾಡು ಕುದುರೆ'ಗೆ ರಾಷ್ಟ್ರಪ್ರಶಸ್ತಿ ತಂದರು. ಕರಾವಳಿಗೆ ಹೋಗಿ ದೊಡ್ಡ ಕಂಠ ಯಾವುದು ಅಂತ ಕೇಳಿದರೆ ಸಿನಿಮಾದ ಹೆಸರೇ ಬರದೆ, ಯಕ್ಷಗಾನದ ಭಾಗವತ ಕಾಳಿಂಗ ನಾವಡರ ಹೆಸರು ಬಂದೀತು. ತೀರಿಕೊಂಡು ಮೂರು ದಶಕ ದಾಟಿದೆ. ಅವರ ಹಳೆಯ ಕ್ಯಾಸೆಟ್ಟಿನ ಪದ್ಯಗಳನ್ನು ಈಗಲೂ ಮೊಬೈಲಿನಲ್ಲಿ ಕೇಳುವವರಿದ್ದಾರೆ.

ಅಡ್ಡದಾರಿ ಸಾಕು. ನನ್ನ ಓಟು ಯಾರಿಗೆ ಅಂತ ಹೇಳುವ ಹೊತ್ತಾಯಿತು.

ಈ ಮೂವರ ಜಗಳದಲ್ಲಿ ಹೆಂಗಸರು ಯಾಕಿಲ್ಲ? ಇದು ಕಂಠದ ಜಗಳವೇ ಆಗಿದ್ದರೆ ಎಸ್. ಜಾನಕಿ ಹೆಸರು ಮೊದಲು ಬರಬೇಕಿತ್ತು. ಬರುವುದಿಲ್ಲ, ಯಾಕೆಂದರೆ ಇದು ಕಂಠದ ಜಗಳ ಅಲ್ಲ. ನಾಯಕರ ಜಗಳ. ಚೀಟಿಯಲ್ಲಿ ಬರೆದಿದ್ದನ್ನು ನೆನಪಿಸಿಕೊಳ್ಳಿ. ಅಣ್ಣಾವ್ರ ಹಾಡು, ವಿಷ್ಣು ಹಾಡು. ಕಂಠದ ಹೆಸರಿನಲ್ಲಿ ನಾವು ಕಟೌಟಿಗೆ ಹಾರ ಹಾಕುತ್ತಿದ್ದೇವೆ. ನಾಯಕಿಯರಿಗೆ ಆ ಮಟ್ಟದ ಅಭಿಮಾನಿ ಸಂಘ ಇರಲಿಲ್ಲ. ಹಾಗಾಗಿ ಅವರ ದನಿಗೆ ಜಗಳ ಆಡುವವರೂ ಇರಲಿಲ್ಲ. ಜಾನಕಿ ಹಾಡಿನ ಚೀಟಿಯಲ್ಲಿ ನಾಯಕಿಯ ಹೆಸರೂ ಇರುತ್ತಿರಲಿಲ್ಲ, ಬರೀ ಚಿತ್ರದ ಹೆಸರು.

ಹೀಗೆ ಆದದ್ದರಿಂದ ಒಂದು ಒಳ್ಳೆಯದೂ ಆಯಿತು ಅಂತ ನನಗೆ ಅನಿಸುತ್ತದೆ. ಜಾನಕಿ ದನಿಗೆ ಅಂಟಿಕೊಂಡ ಮುಖ ಇಲ್ಲ. ಕಲ್ಪನಾ, ಆರತಿ, ಭಾರತಿ, ಯಾರಿಗೆ ಹಾಡಿದರೂ ಆ ಹಾಡು ಹಾಡಾಗಿಯೇ ಉಳಿಯುತ್ತದೆ. 'ಗಗನವು ಎಲ್ಲೋ ಭೂಮಿಯು ಎಲ್ಲೋ' ಕೇಳುವಾಗ ಎಷ್ಟು ಜನಕ್ಕೆ ದೃಶ್ಯ ನೆನಪಿದೆ ಹೇಳಿ. ದನಿ ನೆನಪಿದೆ.

ಎರಡು ಹಾಡು ಹೇಳುತ್ತೇನೆ. ಒಂದು, 'ಸನಾದಿ ಅಪ್ಪಣ್ಣ'ದ 'ಕರೆದರೂ ಕೇಳದೆ'. ಉಸ್ತಾದ್ ಬಿಸ್ಮಿಲ್ಲಾ ಖಾನ್ ಅವರ ಶಹನಾಯಿ ಒಂದು ಕಡೆ, ಜಾನಕಿ ಇನ್ನೊಂದು ಕಡೆ. ಶಹನಾಯಿಯ ಎದುರು ಯಾವ ದನಿಯೂ ತೆಳ್ಳಗೆ ಕಾಣುತ್ತದೆ. ಜಾನಕಿ ಅದರ ಜೊತೆ ಸ್ಪರ್ಧೆಗೆ ಇಳಿಯುವುದಿಲ್ಲ. ಪಕ್ಕದಲ್ಲಿ ನಡೆಯುತ್ತಾರೆ. ಇನ್ನೊಂದು, 'ಹೇಮಾವತಿ'ಯ 'ಶಿವ ಶಿವ ಎನ್ನದ ನಾಲಿಗೆ ಏಕೆ'. ಎಲ್. ವೈದ್ಯನಾಥನ್ ಅವರ ಸಂಗೀತ. ತೋಡಿ ರಾಗದಿಂದ ಆಭೋಗಿ ರಾಗಕ್ಕೆ, ಆಭೋಗಿಯಿಂದ ತೋಡಿಗೆ ಸ್ವರಗಳು ಜಿಗಿಯುತ್ತವೆ. ತೋಡಿಯ ಗಾಂಧಾರವನ್ನು ಗಂಟಲಲ್ಲಿ ಕೂರಿಸಿಕೊಂಡವರಿಗೆ ಮರುಕ್ಷಣ ಆಭೋಗಿ ಹಿಡಿಯುವುದು ಎಷ್ಟು ಕಷ್ಟ ಅಂತ ಸಂಗೀತ ಕಲಿತವರನ್ನು ಕೇಳಿ. ನಾನು ಕೀಬೋರ್ಡಿನಲ್ಲಿ ಅದನ್ನು ಕಲಿಯಲು ಒಂದು ಮಳೆಗಾಲ ಪೂರ್ತಿ ತೆಗೆದುಕೊಂಡೆ. ನನ್ನದು ಬೆರಳು, ಕಣ್ಣಿಗೆ ಕೀಬೋರ್ಡಿನ ಮನೆಗಳು ಕಾಣುತ್ತವೆ. ಅವರಿಗೆ ಕಾಣುವಂಥದ್ದು ಏನೂ ಇಲ್ಲ.

ಆ ಹಾಡನ್ನು ನಮ್ಮ ತಂಡ ಒಂದೇ ಸಲ ವೇದಿಕೆಗೆ ತಂದಿತು. ಊರು ಬೇಡ. ನಮ್ಮ ಹುಡುಗಿ ಚೆನ್ನಾಗಿಯೇ ಹಾಡುತ್ತಿದ್ದಳು. ಸ್ವರದ ಕಡೆ ಬಂದಾಗ ನಾನು ತಪ್ಪಿದೆ. ನಾನು ತೋಡಿಯಲ್ಲಿ, ಅವಳು ಆಭೋಗಿಯಲ್ಲಿ. ಅವಳು ನಿಲ್ಲಲಿಲ್ಲ. ನಾನು ಕೈ ಎತ್ತಿಬಿಟ್ಟೆ. ಉಳಿದ ಹಾಡು ಬರೀ ತಬಲಾದ ಮೇಲೆ ನಡೆಯಿತು. ಜನ ಅದನ್ನು ಬೇಕೆಂದೇ ಮಾಡಿದ್ದು ಅಂದುಕೊಂಡು ಚಪ್ಪಾಳೆ ಹೊಡೆದರು. ಅವಳು ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ.

ಜಾನಕಿ ಮಗುವಿನ ದನಿಯಲ್ಲೂ ಹಾಡಿದ್ದಾರೆ, ಮುದುಕಿಯ ದನಿಯಲ್ಲೂ ಹಾಡಿದ್ದಾರೆ. ಮೈಕಿನ ಮುಂದೆ ಮಾತ್ರ ಕಂಬದ ಹಾಗೆ ನಿಲ್ಲುತ್ತಿದ್ದರು. 2013ರಲ್ಲಿ ಪದ್ಮಭೂಷಣ ಕೊಟ್ಟಾಗ, ತೀರಾ ತಡವಾಯಿತು ಅಂತ ಬೇಡ ಅಂದರು. 2017ರ ಅಕ್ಟೋಬರಿನಲ್ಲಿ ಮೈಸೂರಿನ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಕೊನೆಯ ಕಛೇರಿ ಮಾಡಿ, ಇನ್ನು ಹಾಡುವುದಿಲ್ಲ ಅಂತ ಮುಗಿಸಿದರು. ಆಗ ಅವರಿಗೆ 79. ನನ್ನ ಓಟು ಅವರಿಗೆ.

(ಇಲ್ಲಿಗೆ ಮಾತು ಮುಗಿಯಿತು. ಒಬ್ಬ ಹುಡುಗ ಎದ್ದು ನಿಂತು, 'ಸರ್, ಸೋನು ನಿಗಮ್ ಬಗ್ಗೆ ಒಂದು ಮಾತೂ ಹೇಳಲಿಲ್ಲ' ಅಂದ. ಅದು ನ್ಯಾಯವಾದ ದೂರು. 2006ರ 'ಮುಂಗಾರು ಮಳೆ' ಬಂದಾಗ ನಾವು ಆರ್ಕೆಸ್ಟ್ರಾದವರು 'ಅನಿಸುತಿದೆ ಯಾಕೋ ಇಂದು' ಹಾಡಿ ಹಾಡಿ ಸುಸ್ತಾಗಿದ್ದೆವು ಅಂತ ಒಪ್ಪಿಕೊಂಡೆ. ಅವನ ಪೀಳಿಗೆಯ ಜಗಳವನ್ನು ಅವನೇ ಆಡಬೇಕು ಅಂತಲೂ ಹೇಳಿದೆ.

ಆಮೇಲೆ ವಾಚನಾಲಯದವರು ಒಂದು ಹಾಡು ನುಡಿಸಿ ಅಂದರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಕೈಯಿಂದ ಕೈಗೆ ದಾಟಿ ಒಂದು ಚೀಟಿ ಬಂತು. ಔಷಧಿ ಅಂಗಡಿಯ ಬಿಲ್ಲಿನ ಹಿಂಬದಿ. ಅದರಲ್ಲಿ ಬರೆದಿತ್ತು: 'ಅಣ್ಣಾವ್ರ ಆಡಿಸಿ ನೋಡು ಬೀಳಿಸಿ ನೋಡು'.

ಹಾಡಿದ್ದು ಪಿಬಿಎಸ್. ನಾನು ಏನೂ ಹೇಳದೆ ಶ್ರುತಿ ಹಿಡಿದೆ.)